ಎಲ್ಲರೂ ಕೂಡಿ ಆಡುವ ಜಿಮ್ನಾಸ್ಟಿಕ್ಸ್

(ಬಾಗಲಕೋಟೆಯ ನವನಗರದ ಒಂದು ಕ್ರೀಡಾ ಕ್ಲಬ್ಬಿನಲ್ಲಿ ಪಾಲಕರು, ಶಿಕ್ಷಕರು ಮತ್ತು ಸದಸ್ಯರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬ ತಾಯಿ ನನ್ನ ಕೈ ಹಿಡಿದು ಕೇಳಿದರು. "ಅಕ್ಕಾರ, ನನ್ನ ಮಗಳಿಗೆ ಲಾಗಾ ಹೊಡಿಯಾಕ ಬರಂಗಿಲ್ರಿ. ಒಂದು ಕಾಲಾಗ ಶಕ್ತಿ ಇಲ್ಲ. ಆಕಿನ್ನ ಕರ್ಕೊಂಡು ಬಂದ್ರ ನಡಿತೈತೇನ್ರಿ?" ಈ ಕ್ಲಬ್ಬಿನಲ್ಲಿ ನಾವು ಶುರು ಮಾಡುತ್ತಿರುವ ಜಿಮ್ನಾಸ್ಟಿಕ್ಸ್ ತರಗತಿಯ ಬಗ್ಗೆ ಅವರು ಕೇಳಿದ್ದು. ಖಂಡಿತ ನಡೆಯುತ್ತದೆ. ಲಾಗ ಹೊಡೆಯಲು ಬಾರದವರು, ಓಡಲು ಆಗದವರು, ನಿಲ್ಲಲೂ ಆಗದವರು ಎಲ್ಲರೂ ಬರಬಹುದು. ಅದು ಹೇಗೆ ಸಾಧ್ಯ ಅನ್ನುವುದನ್ನೇ ಇವತ್ತು ಬಿಡಿಸಿ ಹೇಳುತ್ತೇನೆ.

ಜಿಮ್ನಾಸ್ಟಿಕ್ಸ್ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಟಿವಿಯಲ್ಲಿ ನೋಡಿದ ಚಿತ್ರ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತ್ರಿಪುರಾದ ದೀಪಾ ಕರ್ಮಾಕರ್ ಓಡಿ ಬಂದು, ವಾಲ್ಟ್ ಅನ್ನುವ ಎತ್ತರದ ಮೇಜಿನ ಮೇಲೆ ಕೈ ಊರಿ, ಗಾಳಿಯಲ್ಲೇ ಎರಡು ಲಾಗ ಹೊಡೆದು ಇಳಿದದ್ದು ನಿಮ್ಮಲ್ಲಿ ಎಷ್ಟೋ ಜನರಿಗೆ ನೆನಪಿರಬಹುದು. ನಾಲ್ಕನೇ ಸ್ಥಾನ ಬಂತು. ಕಂಚು ಕೈತಪ್ಪಿದ್ದು ಬರೀ 0.15 ಅಂಕದಲ್ಲಿ. ಚಪ್ಪಟೆ ಪಾದದ ಹುಡುಗಿ ಅಷ್ಟು ದೂರ ಹೋದದ್ದು ಸಣ್ಣ ಮಾತಲ್ಲ. ಆ ವಿಡಿಯೊವನ್ನು ನಾನು ಈಗಲೂ ಮಕ್ಕಳಿಗೆ ತೋರಿಸುತ್ತೇನೆ, ಪ್ರತಿ ಸಲವೂ ಮೈ ಜುಮ್ ಅನ್ನುತ್ತದೆ.

ಆದರೆ ಆ ದಾರಿ ಬಹಳ ಇಕ್ಕಟ್ಟಿನದು. ಐದಾರು ವರ್ಷಕ್ಕೇ ಶುರು ಮಾಡಬೇಕು. ದಿನಾ ತಾಸುಗಟ್ಟಲೆ ಅಭ್ಯಾಸ ಬೇಕು, ದುಬಾರಿ ಸಲಕರಣೆ ಬೇಕು. ಎಷ್ಟೋ ಮಕ್ಕಳಲ್ಲಿ ಒಬ್ಬರು ಮುಂದೆ ಹೋಗುತ್ತಾರೆ. ಉಳಿದವರು ಹೈಸ್ಕೂಲ್ ಮೆಟ್ಟಿಲು ಹತ್ತುವಷ್ಟರಲ್ಲಿ ಬಿಟ್ಟಿರುತ್ತಾರೆ. ನಡಿಗೆ ಸರಿ ಇಲ್ಲದ, ಕಣ್ಣು ಕಾಣದ ಮಗುವನ್ನಂತೂ ಆ ಬಾಗಿಲ ಹತ್ತಿರ ಯಾರೂ ಕರೆತರುವುದೇ ಇಲ್ಲ.

ಇನ್ನೊಂದು ದಾರಿ ಇದೆ, ಅದು ಹೊಸದೇನಲ್ಲ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಅನ್ನುವವರು 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವ್ಯಾಯಾಮ ಕಲಿಸುವ ಸಂಸ್ಥೆ ತೆರೆದರು. ಗೆಲ್ಲುವುದಕ್ಕಿಂತ ಮೈ ಸರಿಯಾಗಿ ಇಟ್ಟುಕೊಳ್ಳುವುದು ಅವರಿಗೆ ಮುಖ್ಯವಾಗಿತ್ತು. ನಾವೆಲ್ಲ ಶಾಲೆಯ ಮೈದಾನದಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ಕೈ ಎತ್ತಿ ಇಳಿಸಿದ ಕವಾಯತು ಇದೆಯಲ್ಲ, ಅದರಲ್ಲಿ ಅವರ ಪದ್ಧತಿಯ ಪಾಲೂ ಇದೆ. ಅವರು ತೀರಿಕೊಂಡು ನೂರು ವರ್ಷ ಆದಾಗ, 1939ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ ಒಂದು ದೊಡ್ಡ ಜಿಮ್ನಾಸ್ಟಿಕ್ಸ್ ಮೇಳ ನಡೆಯಿತು. 1953ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಮೊದಲ 'ವರ್ಲ್ಡ್ ಜಿಮ್ನಾಸ್ಟ್ರಾಡಾ' ಆಯಿತು. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ಸೇರುತ್ತದೆ. 2019ರಲ್ಲಿ ಆಸ್ಟ್ರಿಯಾದ ಡಾರ್ನ್‌ಬಿರ್ನ್‌ನಲ್ಲಿ, 2023ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಯಿತು, 2027ರದು ಲಿಸ್ಬನ್‌ನಲ್ಲಿ. ಸಾವಿರಾರು ಜನ ತಂಡ ತಂಡವಾಗಿ ಬಂದು ಆಡುತ್ತಾರೆ. ಚಿಕ್ಕ ಮಕ್ಕಳಿರುತ್ತಾರೆ, ಎಪ್ಪತ್ತು ದಾಟಿದವರೂ ಇರುತ್ತಾರೆ. ಅಲ್ಲಿ ಅಂಕ ಇಲ್ಲ, ಪದಕ ಇಲ್ಲ, ಗೆದ್ದವರು ಸೋತವರು ಅಂತ ಇಲ್ಲ. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಶನ್ ಇಂಥ ಆಟಕ್ಕೆ 'ಜಿಮ್ನಾಸ್ಟಿಕ್ಸ್ ಫಾರ್ ಆಲ್', ಅಂದರೆ ಎಲ್ಲರಿಗೂ ಜಿಮ್ನಾಸ್ಟಿಕ್ಸ್, ಅನ್ನುತ್ತದೆ. ಅವರು ಹೇಳುವುದು ನಾಲ್ಕೇ ಮಾತು. ಖುಷಿ ಇರಲಿ, ಮೈ ಗಟ್ಟಿಯಾಗಲಿ, ಮೂಲ ಪಾಠ ಸರಿಯಾಗಲಿ, ಗೆಳೆತನ ಬೆಳೆಯಲಿ.

ಉತ್ತರ ಯುರೋಪಿನ ನಾರ್ಡಿಕ್ ದೇಶಗಳಲ್ಲಿ ಹುಟ್ಟಿದ 'ಟೀಮ್‌ಜಿಮ್' ಅಂತ ಇನ್ನೊಂದು ಇದೆ. ಅದು ಸ್ಪರ್ಧೆಯೇ. 1996ರಿಂದ ಯುರೋಪಿನ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಹೆಣ್ಣುಮಕ್ಕಳ ತಂಡ, ಗಂಡುಮಕ್ಕಳ ತಂಡ, ಇಬ್ಬರೂ ಕೂಡಿದ ಮಿಶ್ರ ತಂಡ ಅಂತ ಮೂರು ವಿಭಾಗ. ಸಂಗೀತಕ್ಕೆ ತಕ್ಕಂತೆ ಇಡೀ ತಂಡ ನೆಲದ ಮೇಲೆ ಆಡುತ್ತದೆ. ಆಮೇಲೆ ಉದ್ದ ಹಾಸಿನ ಮೇಲೆ ಮತ್ತು ಚಿಮ್ಮುವ ಟ್ರ್ಯಾಂಪೆಟ್ ಮೇಲೆ ಒಬ್ಬರ ಬೆನ್ನಿಗೆ ಒಬ್ಬರು ಓಡಿ ಬರುತ್ತಾರೆ. ನಾವು ಟ್ರ್ಯಾಂಪೆಟ್ ತರುತ್ತಿಲ್ಲ, ಅದಕ್ಕೆ ಬೇಕಾದ ತರಬೇತುದಾರರೂ ಹಾಸುಗಳೂ ನಮ್ಮಲ್ಲಿ ಈಗ ಇಲ್ಲ. ನಾವು ತೆಗೆದುಕೊಳ್ಳುವುದು ಒಂದೇ ವಿಷಯ: ಆಟ ತಂಡದ್ದು.

ಕಾಲಿಲ್ಲದವರಿಗೆ ಜಿಮ್ನಾಸ್ಟಿಕ್ಸ್ ಎಲ್ಲಿಂದ ಬಂತು ಅನ್ನುವವರಿಗೆ ನಾನು ಜಾರ್ಜ್ ಐಸರ್ ಕಥೆ ಹೇಳುತ್ತೇನೆ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್. ಅಮೆರಿಕ ಪರ ಆಡಿದ ಈ ಮನುಷ್ಯನ ಎಡಗಾಲು ಮರದ್ದು. ಒಂದೇ ದಿನ ಆರು ಪದಕ ಗೆದ್ದರು, ಅದರಲ್ಲಿ ಮೂರು ಬಂಗಾರ. ಸಮಾನಾಂತರ ಬಾರ್, ಹಗ್ಗ ಹತ್ತುವುದು ಮತ್ತು ವಾಲ್ಟ್. ವಾಲ್ಟ್ ಅಂದರೆ ಜಿಗಿಯುವುದು, ಮರದ ಕಾಲಿನಲ್ಲಿ! ಅದಾಗಿ ನೂರಿಪ್ಪತ್ತು ವರ್ಷ ಕಳೆದಿದೆ. ಇವತ್ತಿಗೂ ಪ್ಯಾರಾಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಇಲ್ಲ. 1968ರಲ್ಲಿ ಶಿಕಾಗೊದಲ್ಲಿ ಶುರುವಾದ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ, ಬುದ್ಧಿ ಬೆಳವಣಿಗೆಯ ತೊಂದರೆ ಇರುವವರಿಗೆ ಈ ಆಟ ಇದೆ. ಅಂಥವರೂ ಅಂಥ ತೊಂದರೆ ಇಲ್ಲದವರೂ ಒಂದೇ ತಂಡದಲ್ಲಿ ಕೂಡಿ ಆಡುವ 'ಯುನಿಫೈಡ್' ಪದ್ಧತಿಯನ್ನೂ ಅವರೇ ಬೆಳೆಸಿದರು. ನಮಗೆ ದಾರಿ ತೋರಿಸುವುದು ಇದೇ.

ಈಗ ನಮ್ಮ ಊರ ಕಡೆ ಬರೋಣ. ಕೂಡಿ ಆಡುವುದು ನಮಗೆ ಯಾರೂ ಕಲಿಸಬೇಕಿಲ್ಲ. ಗರಡಿಮನೆಯ ಸಾಮು, ಲೇಜಿಮ್, ಕೋಲಾಟ, ಹೆಜ್ಜೆಮೇಳ, ಕರಡಿ ಮಜಲು, ಎಲ್ಲವೂ ಗುಂಪಿನ ಕಸುಬು. ಮಲ್ಲಕಂಬದ ಬೇರೂ ಈ ನೆಲದಲ್ಲೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೇ ಮಲ್ಲರು ಕಂಬದ ಮೇಲೆ ಅಭ್ಯಾಸ ಮಾಡುವ ಮಾತು ಬರುತ್ತದೆ. ಅದು ಹನ್ನೆರಡನೇ ಶತಮಾನದ ಪುಸ್ತಕ. ಮುಂಬೈಯ ಉದಯ ದೇಶಪಾಂಡೆ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಕಣ್ಣು ಕಾಣದ ಮಕ್ಕಳಿಗೂ ಮಲ್ಲಕಂಬ ಕಲಿಸಿದವರು ಅವರು. ಕಂಬ ಹತ್ತುವವನಿಗೆ ಕಣ್ಣಿಗಿಂತ ತೊಡೆ, ಅಂಗೈ, ಪಾದದ ಹಿಡಿತ ಮುಖ್ಯ, ಅಲ್ವಾ?

ಆದರೂ ಒಂದು ಮಾತನ್ನು ನಾನು ನೋವಿನಿಂದಲೇ ಹೇಳಬೇಕು. ಆಗಸ್ಟ್ 15ಕ್ಕೆ ಯಾವ ಶಾಲೆಗೆ ಬೇಕಾದರೂ ಹೋಗಿ. ಮೈದಾನದಲ್ಲಿ ಮಕ್ಕಳು ಲೇಜಿಮ್ ಆಡುತ್ತಿರುತ್ತಾರೆ, ಪಿರಮಿಡ್ ಕಟ್ಟುತ್ತಿರುತ್ತಾರೆ. ಅಂಚಿನಲ್ಲಿ ಬೇವಿನ ಗಿಡದ ಕೆಳಗೆ ಒಂದು ಮಗು ಕೂತಿರುತ್ತದೆ. ಅದರ ಮುಂದೆ ಉಳಿದವರ ಚಪ್ಪಲಿ, ನೀರಿನ ಬಾಟಲಿ, ಚೀಲ. ಅವುಗಳನ್ನು ಕಾಯುವ ಕೆಲಸ ಅದಕ್ಕೆ. ಮಾಸ್ತರರಿಗೆ ಕೆಟ್ಟ ಮನಸ್ಸಿರುವುದಿಲ್ಲ. "ಪಾಪ, ಬಿಸಿಲಾಗ ಯಾಕ" ಅಂತ ಕೂರಿಸಿರುತ್ತಾರೆ. ಹೀಗೆ ಹತ್ತು ವರ್ಷ ಚಪ್ಪಲಿ ಕಾಯ್ದ ಮಗು ದೊಡ್ಡದಾದ ಮೇಲೆ ಯಾವ ಗುಂಪಿಗೂ ತಾನಾಗಿ ಹೋಗುವುದಿಲ್ಲ. ಮದುವೆ, ಜಾತ್ರೆಯಲ್ಲೂ ಮೂಲೆ ಹುಡುಕಿ ಕೂರುತ್ತದೆ. ನಾನು ಈ ತರಗತಿ ಶುರು ಮಾಡೋಣ ಅಂತ ಕ್ಲಬ್ಬಿನವರ ಬೆನ್ನು ಹತ್ತಿದ್ದು ಆ ಮಗುವಿಗಾಗಿ.

ನನ್ನ ಮಾತಿನ ತಿರುಳು ಇಷ್ಟೇ. ಆ ಮಗುವನ್ನು ಕೊನೆಗೆ ಸೇರಿಸಿಕೊಳ್ಳುವುದು ಬೇಡ. ಆಟ ಕಟ್ಟುವುದನ್ನೇ ಆ ಮಗುವಿನಿಂದ ಶುರು ಮಾಡೋಣ.

ಇದನ್ನು ಬಿಡಿಸಿ ಹೇಳದಿದ್ದರೆ ಒಳ್ಳೆಯ ಮಾತಾಗಿ ಉಳಿದುಬಿಡುತ್ತದೆ. ಹನ್ನೆರಡು ಜನರ ಒಂದು ತಂಡ ಅಂದುಕೊಳ್ಳಿ. ಒಬ್ಬ ಹುಡುಗಿ ಗಾಲಿಕುರ್ಚಿಯಲ್ಲಿ ಕೂರುತ್ತಾಳೆ. ಒಬ್ಬನಿಗೆ ಕಿವಿ ಕೇಳಿಸುವುದಿಲ್ಲ. ಒಬ್ಬಳಿಗೆ ಕಣ್ಣು ಕಾಣುವುದಿಲ್ಲ. ಒಬ್ಬನಿಗೆ ಆಟಿಸಂ ಇದೆ, ಜೋರು ಸದ್ದು, ದಿಢೀರ್ ಬದಲಾವಣೆ ಸಹಿಸುವುದು ಅವನಿಗೆ ಕಷ್ಟ. ಇಬ್ಬರು ಅಜ್ಜಿಯರು. ಉಳಿದವರು ಯಾವ ತೊಂದರೆಯೂ ಇಲ್ಲದ ಚುರುಕು ಮಕ್ಕಳು. ಮೂರು ನಿಮಿಷದ ಒಂದು ಪ್ರದರ್ಶನ ಕಟ್ಟಬೇಕು. ಸಾಮಾನ್ಯವಾಗಿ ಏನಾಗುತ್ತದೆ? ಚುರುಕು ಮಕ್ಕಳನ್ನು ಇಟ್ಟುಕೊಂಡು ಮೊದಲು ಎಲ್ಲ ಕಟ್ಟಿ ಮುಗಿಸುತ್ತೇವೆ. ಆಮೇಲೆ ಉಳಿದವರನ್ನು ಎಲ್ಲಿ ನಿಲ್ಲಿಸುವುದು ಅಂತ ಜಾಗ ಹುಡುಕುತ್ತೇವೆ. ಗಾಲಿಕುರ್ಚಿಯ ಹುಡುಗಿಯ ಕೈಗೆ ಒಂದು ಬಾವುಟ ಕೊಡುತ್ತೇವೆ. ಅವಳು ಮೂರು ನಿಮಿಷವೂ ಅದನ್ನು ಅಲ್ಲಾಡಿಸುತ್ತಾ ಕೂತಿರಬೇಕು. ಜನ ಚಪ್ಪಾಳೆ ತಟ್ಟುತ್ತಾರೆ. ಅದು ಅಯ್ಯೋ ಪಾಪ ಅನ್ನುವ ಚಪ್ಪಾಳೆ ಅಂತ ಅವಳಿಗೆ ಗೊತ್ತಾಗುತ್ತದೆ. ಮಕ್ಕಳಿಗೆ ಇಂಥದ್ದು ನಮಗಿಂತ ಬೇಗ ತಿಳಿಯುತ್ತದೆ.

ನಾವು ಮೊದಲ ದಿನ ಅವಳನ್ನೇ ಕೇಳೋಣ. ನಿನಗೆ ಏನೇನು ಬರುತ್ತದೆ, ತೋರಿಸವ್ವಾ ಅಂತ. ಗಾಲಿ ತಳ್ಳಿ ತಳ್ಳಿ ಅವಳ ತೋಳು, ಭುಜ ಗಟ್ಟಿಯಾಗಿರುತ್ತವೆ. ಒಂದು ಗಾಲಿಯನ್ನು ಬಿಗಿ ಹಿಡಿದು ಇನ್ನೊಂದನ್ನು ದೂಡಿದರೆ ಕುರ್ಚಿ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಕಾಲಿನ ಮೇಲೆ ನಿಂತ ಯಾವ ಹುಡುಗನೂ ಅಷ್ಟು ನಯವಾಗಿ ತಿರುಗಲಾರ. ಹಾಗಾದರೆ ಆ ತಿರುಗುವಿಕೆಯೇ ನಮ್ಮ ಪ್ರದರ್ಶನದ ನಡುಬಿಂದು ಆಗಲಿ. ಅವಳು ತಿರುಗುತ್ತಾಳೆ, ಉಳಿದವರು ಅವಳ ವೇಗಕ್ಕೆ ಸುತ್ತು ಬರುತ್ತಾರೆ. ಅವಳು ಬಲಗೈ ಎತ್ತುತ್ತಾಳೆ, ಆ ಎತ್ತುವಿಕೆ ಪಕ್ಕದವರ ಕೈಗೆ, ಅಲ್ಲಿಂದ ಮತ್ತೊಬ್ಬರ ಕೈಗೆ ದಾಟಿ, ಇಡೀ ಸುತ್ತನ್ನು ಮುಗಿಸಿ ಅವಳಿಗೇ ವಾಪಸು ಬರುತ್ತದೆ. ಅವಳು ಕೈ ಎತ್ತದೆ ಯಾರೂ ಅಲುಗಾಡುವ ಹಾಗಿಲ್ಲ.

ಇಲ್ಲಿ ಒಂದು ತಾಂತ್ರಿಕ ವಿಷಯ ಇದೆ, ಪಿ.ಟಿ. ಮಾಸ್ತರರು ಗಮನಿಸಬೇಕು. ಮೆತ್ತನೆ ಮ್ಯಾಟ್ ಮೇಲೆ ಗಾಲಿ ಹೂತುಹೋಗುತ್ತದೆ, ತಿರುಗುವುದಿಲ್ಲ. ಅದಕ್ಕೆ ಕುರ್ಚಿಯ ಜಾಗ ಫರಸಿ ನೆಲದ ಮೇಲೇ ಇರಬೇಕು, ಮ್ಯಾಟ್‌ಗಳು ಅದರ ಸುತ್ತ. ನಡುವೆ ಓಡಾಡಲು ಗಲ್ಲಿಯಷ್ಟು ಜಾಗ ಬಿಡಬೇಕು. ಯಾರಾದರೂ ಕುರ್ಚಿ ಹಿಡಿದು ಬಾಗುವ ಚಲನೆ ಇದ್ದರೆ ಮೊದಲು ಬ್ರೇಕ್ ಹಾಕಬೇಕು. ಕಾಲಿಡುವ ಪಟ್ಟಿಯ ಅಂಚು ಉಳಿದವರ ಮೊಣಕಾಲ ಕೆಳಗಿನ ಎಲುಬಿಗೆ ಬಡಿಯುತ್ತದೆ, ಅದಕ್ಕೆ ಸ್ಪಂಜು ಸುತ್ತಿ ಬಟ್ಟೆ ಕಟ್ಟಬೇಕು. ಇಷ್ಟಕ್ಕೆ ದೊಡ್ಡ ಖರ್ಚಿಲ್ಲ.

ಕಣ್ಣು ಕಾಣದ ಹುಡುಗಿಗೆ ಏನು ಮಾಡೋಣ? ಅಂಗಡಿಯಿಂದ ಸುತಳಿ ತನ್ನಿ. ನೆಲದ ಮೇಲೆ ನೇರವಾಗಿ ಎಳೆದು, ಅದರ ಮೇಲೆ ಅಗಲವಾದ ಟೇಪ್ ಅಂಟಿಸಿ. ಟೇಪಿನ ಕೆಳಗೆ ಸುತಳಿ ಉಬ್ಬಿ ನಿಲ್ಲುತ್ತದೆ. ಬರಿಗಾಲಿಗೆ ಅದು ಥಟ್ಟನೆ ಸಿಗುತ್ತದೆ. ಅಂಧರು ಆಡುವ ಗೋಲ್‌ಬಾಲ್ ಅಂಗಳದಲ್ಲಿ ಗೆರೆಗಳನ್ನು ಹೀಗೇ ಹಾಕುತ್ತಾರೆ. ಅವಳು ನಿಲ್ಲಬೇಕಾದ ಕಡೆ ಅಡ್ಡಕ್ಕೆ ಇನ್ನೊಂದು ತುಂಡು ಹಾಕಿದರೆ ಅಲ್ಲೊಂದು ಕತ್ತರಿ ಗುರುತು ಆಗುತ್ತದೆ. ಯಾರ ಕೈಯನ್ನೂ ಹಿಡಿಯದೆ ಅವಳು ತನ್ನ ಜಾಗಕ್ಕೆ ತಾನೇ ನಡೆದು ಬರಬಹುದು. ಚಲನೆ ಕಲಿಸುವಾಗ ಅವಳ ಮೈಯನ್ನು ನಾವು ಎಳೆದಾಡುವುದು ಬೇಡ. ಅವಳೇ ನಮ್ಮ ಭುಜ, ಮೊಣಕೈ ಮುಟ್ಟಿ ನೋಡಲಿ. ಮತ್ತೆ, "ಹಿಂಗ ಮಾಡು", "ಅಲ್ಲಿ ಬಾ" ಅನ್ನುವ ಮಾತು ಅವಳಿಗೆ ಏನೂ ಹೇಳುವುದಿಲ್ಲ. "ಎರಡು ಹೆಜ್ಜೆ ಮುಂದೆ, ಬಲಕ್ಕೆ ತಿರುಗು, ಕೈ ಕಿವಿಯ ಪಕ್ಕ" ಅನ್ನಬೇಕು. ಹೀಗೆ ಹೇಳುವುದನ್ನು ರೂಢಿ ಮಾಡಿಕೊಂಡರೆ ಕಣ್ಣಿರುವ ಮಕ್ಕಳಿಗೂ ಅರ್ಥ ಆಗುವುದು ಜಾಸ್ತಿ.

ಇನ್ನು ತಾಳ. ಬಾಗಲಕೋಟೆಯವರಿಗೆ ಹಲಗೆ ವಾದ್ಯದ ಬಗ್ಗೆ ನಾನು ಹೇಳಬೇಕೇನ್ರಿ? ಹೋಳಿ ಬಂತೆಂದರೆ ಓಣಿ ಓಣಿಯಲ್ಲೂ ಅದರದೇ ಸದ್ದು. ಕಿವಿ ಕೇಳಿಸದ ಹುಡುಗನನ್ನು ಹಲಗೆ ಬಾರಿಸುವವರ ಪಕ್ಕ ನಿಲ್ಲಿಸಿ. ಆ ಏಟು ಅವನ ಎದೆಗೆ ತಾಗುತ್ತದೆ. ಕಟ್ಟಿಗೆಯ ವೇದಿಕೆ ಇದ್ದರೆ ಅಂಗಾಲಿಗೂ ತಾಗುತ್ತದೆ, ಫರಸಿ ಕಲ್ಲು ಅಷ್ಟು ಚೆನ್ನಾಗಿ ಮುಟ್ಟಿಸುವುದಿಲ್ಲ. ಜೊತೆಗೆ ಎದುರಿನವರ ಭುಜ ನೋಡುತ್ತಾ ಅವನು ತಾಳ ಹಿಡಿಯುತ್ತಾನೆ. ಮೊಬೈಲ್‌ನ ಹಾಡಿಗಿಂತ ಹಲಗೆ ನಮಗೆ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ಬಾರಿಸುವವರು ಮಕ್ಕಳನ್ನು ನೋಡಿ ನಿಧಾನ ಮಾಡಬಹುದು. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಚಲನೆ ಕಷ್ಟವಾಗುವ ಸ್ಥಿತಿ, ಇರುವ ಎಷ್ಟೋ ಮಕ್ಕಳ ಸ್ನಾಯು ಬಿಗಿಯಾಗಿರುತ್ತದೆ, ಅವಸರ ಮಾಡಿದಷ್ಟೂ ಇನ್ನೂ ಬಿಗಿಯುತ್ತದೆ. ನಾಲ್ಕು ಎಣಿಕೆಯಲ್ಲಿ ಆಗದ ಕೈ ಎಂಟು ಎಣಿಕೆಯಲ್ಲಿ ಮೇಲೇಳುತ್ತದೆ. ಹಾಗಾಗಿ ನಮ್ಮ ಪ್ರದರ್ಶನದ ಎಣಿಕೆ ಎಂಟರದೇ ಇರಲಿ.

ಆದರೆ ಅದೇ ಹಲಗೆ ಆಟಿಸಂ ಇರುವ ಹುಡುಗನಿಗೆ ಚಿತ್ರಹಿಂಸೆ ಆಗಬಹುದು. ಇಲ್ಲಿ ಒಬ್ಬನಿಗೆ ಬೇಕಾದದ್ದೇ ಇನ್ನೊಬ್ಬನಿಗೆ ಬೇಡ. ಎಲ್ಲರನ್ನೂ ಕೂಡಿಸುತ್ತೇವೆ ಅಂದಾಗ ಬರುವ ನಿಜವಾದ ತೊಡಕು ಇಂಥದ್ದೇ, ಒಳ್ಳೆಯ ಮನಸ್ಸೊಂದರಿಂದ ಇದು ಬಗೆಹರಿಯುವುದಿಲ್ಲ. ಕೂತು ಯೋಚಿಸಬೇಕು. ಹಲಗೆಯನ್ನು ಸಭಾಂಗಣದ ಒಂದು ತುದಿಗೆ ಇಡೋಣ, ಈ ಹುಡುಗನ ಜಾಗ ಇನ್ನೊಂದು ತುದಿಗೆ. ಬಾರಿಸುವ ಮೊದಲು ಒಬ್ಬರು ಹಸಿರು ಬಟ್ಟೆ ಎತ್ತಿ ತೋರಿಸಲಿ, ಸದ್ದು ಬರುತ್ತದೆ ಅಂತ ಅವನಿಗೆ ಮುಂಚೆಯೇ ಗೊತ್ತಾಗುತ್ತದೆ. ಬೇಕಾದರೆ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಳ್ಳಲಿ. ಗೋಡೆಯ ಮೇಲೆ ಆ ದಿನದ ಆಟಗಳ ಚಿತ್ರಗಳನ್ನು ಸಾಲಾಗಿ ಅಂಟಿಸಿ, ಮುಗಿದದ್ದನ್ನು ಅವನೇ ತಿರುಗಿಸಿ ಹಾಕಲಿ. ಮುಂದೇನು ಅನ್ನುವುದು ತಿಳಿದರೆ ಅರ್ಧ ಗಾಬರಿ ಹೋಗುತ್ತದೆ. ಮೂಲೆಯಲ್ಲಿ ಒಂದು ಚಾಪೆ ಇರಲಿ. ಸಾಕಾದಾಗ ಯಾರನ್ನೂ ಕೇಳದೆ ಅವನು ಅಲ್ಲಿಗೆ ಹೋಗಬಹುದು, ಬೇಕೆನಿಸಿದಾಗ ಬರಬಹುದು. ಪ್ರದರ್ಶನದ ನಡುವೆ ಎದ್ದು ಹೋದರೆ? ಹೋಗಲಿ. ಅವನು ಇದ್ದಾಗ ಒಂದು ಸಲ, ಇಲ್ಲದಾಗ ಒಂದು ಸಲ, ಎರಡೂ ರೀತಿ ಅಭ್ಯಾಸ ಮಾಡಿಕೊಂಡಿರುತ್ತೇವೆ. ಪಕ್ಕದ ಇಬ್ಬರು ಅರ್ಧ ಹೆಜ್ಜೆ ಸರಿದರೆ ಸಾಲು ಕೂಡುತ್ತದೆ. ನೋಡುವವರಿಗೆ ತಿಳಿಯುವುದೂ ಇಲ್ಲ, ಅವನಿಗೆ ಬೈಗುಳವೂ ಇಲ್ಲ.

ಅಜ್ಜಿಯರ ಬಗ್ಗೆ ನಕ್ಕವರು ಇದ್ದಾರೆ. ನಗಬೇಡಿ. ಅರವತ್ತೈದು ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನದ, ಶಕ್ತಿಯ ವ್ಯಾಯಾಮ ಮಾಡಬೇಕು, ಬಿದ್ದು ಎಲುಬು ಮುರಿಯುವುದು ಅದರಿಂದ ಕಡಿಮೆಯಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮಕ್ಕಳಿಗೆ ಹೇಳಿರುವುದು ದಿನಕ್ಕೆ 60 ನಿಮಿಷ. ಅಂಗವಿಕಲರ ಬಗ್ಗೆ ಬೇರೆಯಾಗಿ ಹೇಳಿದ್ದೂ ಆ ಸಲವೇ ಮೊದಲು. ಅಜ್ಜಿ ಕುರ್ಚಿಯ ಬೆನ್ನು ಹಿಡಿದು ಒಂದು ಕಾಲ ಮೇಲೆ ಎಂಟು ಎಣಿಸುವವರೆಗೆ ನಿಂತರೆ ಅದೂ ಜಿಮ್ನಾಸ್ಟಿಕ್ಸೇ.

ಚುರುಕು ಮಕ್ಕಳ ಪಾಲಕರು ಸುಮ್ನೆ ಕೂತಿದ್ದೀರಿ, ಆದರೆ ನಿಮ್ಮ ಮನಸ್ಸಿನ ಪ್ರಶ್ನೆ ನನಗೆ ಗೊತ್ತು. ನಮ್ಮ ಹುಡುಗ ಇಂಥ ಗುಂಪಿನಲ್ಲಿ ಹಿಂದೆ ಬೀಳುವುದಿಲ್ಲವೇ? ಬೀಳುವುದಿಲ್ಲ. ಒಂದೇ ಪ್ರದರ್ಶನದಲ್ಲಿ ಕಷ್ಟದ ಚಲನೆಗೂ ಜಾಗ ಇರುತ್ತದೆ. ಹುಡುಗಿ ಕುರ್ಚಿ ತಿರುಗಿಸುವಾಗ ನಿಮ್ಮ ಮಗ ಅವಳ ಹಿಂದೆ ಕಾರ್ಟ್‌ವೀಲ್ ಹೊಡೆಯಬಹುದು, ಕೈ ಮೇಲೆ ನಿಲ್ಲಬಹುದು. ಅವನು ಹೆಚ್ಚಾಗಿ ಕಲಿಯುವುದು ಬೇರೆಯವರ ವೇಗಕ್ಕೆ ತನ್ನ ಮೈಯನ್ನು ಹೊಂದಿಸಿಕೊಳ್ಳುವುದನ್ನು. ಜೋರಾಗಿ ಜಿಗಿಯುವುದು ಸುಲಭ, ನಿಧಾನವಾಗಿ ಎಂಟು ಎಣಿಕೆಯಲ್ಲಿ ಬಗ್ಗಿ ಏಳುವುದಕ್ಕೆ ಹೊಟ್ಟೆ, ಬೆನ್ನು ಎರಡೂ ಗಟ್ಟಿ ಇರಬೇಕು. ಸ್ಪರ್ಧೆಗೆ ಹೋಗಲೇಬೇಕು ಅನ್ನುವ ಮಕ್ಕಳಿಗೆ ಬೇರೆ ದಿನ ಬೇರೆ ತರಗತಿ ಇರುತ್ತದೆ. ಯಾರ ಕನಸನ್ನೂ ಇಲ್ಲಿ ಕಟ್ಟಿಹಾಕುವುದಿಲ್ಲ.

ಸುರಕ್ಷತೆಯ ಮಾತನ್ನು ನಾನು ಮೆಲ್ಲಗೆ ಹೇಳುವುದಿಲ್ಲ, ಗಟ್ಟಿಯಾಗಿಯೇ ಹೇಳುತ್ತೇನೆ. ಹುಟ್ಟಿನಿಂದಲೇ ಬರುವ ಡೌನ್ ಸಿಂಡ್ರೋಮ್ ಅನ್ನುವ ತೊಂದರೆ ಇರುವ ಕೆಲವು ಮಕ್ಕಳಿಗೆ ಕುತ್ತಿಗೆಯ ಮೇಲಿನ ಎರಡು ಎಲುಬುಗಳ ನಡುವಿನ ಕಟ್ಟು ಸಡಿಲ ಇರುತ್ತದೆ. ಕುತ್ತಿಗೆ ಜೋರಾಗಿ ಬಾಗಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ಡಾಕ್ಟರು ನೋಡಿ ಬರೆದುಕೊಡುವವರೆಗೆ ಈ ಮಕ್ಕಳಿಗೆ ಲಾಗ ಇಲ್ಲ, ತಲೆ ಕೆಳಗೆ ಮಾಡುವ ಯಾವ ಆಟವೂ ಇಲ್ಲ. ಬರೆದುಕೊಟ್ಟ ಮೇಲೂ ಕಣ್ಣಿಟ್ಟಿರಬೇಕು. ಕುತ್ತಿಗೆ ನೋವು ಅಂದರೆ, ತಲೆ ಒಂದು ಕಡೆ ವಾಲಿಸಿದರೆ, ನಡಿಗೆ ಬದಲಾದರೆ, ಕೈಯಲ್ಲಿ ಶಕ್ತಿ ಕಡಿಮೆಯಾದರೆ, ಬಟ್ಟೆಯಲ್ಲೇ ಮೂತ್ರ ಹೋಗಲು ಶುರುವಾದರೆ ಆಟ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಫಿಟ್ಸ್ ಬರುವ ಮಕ್ಕಳನ್ನು ಡಾಕ್ಟರ ಮಾತಿಲ್ಲದೆ ಎತ್ತರಕ್ಕೆ ಹತ್ತಿಸುವುದಿಲ್ಲ. ಪಾಲಕರು ಇಂಥದ್ದನ್ನು ಮುಚ್ಚಿಡಬೇಡಿ. ಹೇಳಿದರೆ ಸೇರಿಸಿಕೊಳ್ಳುವುದಿಲ್ಲ ಅಂತ ಹೆದರಬೇಡಿ. ಹೇಳಿದರೆ ಆಟ ಬದಲಿಸುತ್ತೇವೆ ಅಷ್ಟೇ. ಮೂರು ಅಂತಸ್ತಿನ ಪಿರಮಿಡ್ ಅಂತೂ ನಮ್ಮಲ್ಲಿ ಇಲ್ಲವೇ ಇಲ್ಲ. ಫರಸಿ ಮೇಲೆ ಜಮಖಾನೆ ಹಾಸಿ ಲಾಗ ಹೊಡೆಸುವುದೂ ಇಲ್ಲ, ಅದು ಜಾರುತ್ತದೆ.

ಬಟ್ಟೆಯ ವಿಷಯ. ಟಿವಿಯಲ್ಲಿ ನೋಡಿದ ಬಿಗಿ ಉಡುಪು ಇಲ್ಲಿ ಬೇಕಿಲ್ಲ. ಟ್ರ್ಯಾಕ್ ಪ್ಯಾಂಟು, ಉದ್ದ ತೋಳಿನ ಟೀ ಶರ್ಟು ಸಾಕು. ದುಪಟ್ಟಾ, ಬಳೆ, ಕಿವಿಯೋಲೆ ಮಾತ್ರ ಬೇಡ. ತಲೆಗೆ ಸ್ಕಾರ್ಫ್ ಕಟ್ಟುವವರು ಪಿನ್ನು ಇಲ್ಲದೆ ಬಿಗಿಯಾಗಿ ಕಟ್ಟಿಕೊಂಡು ಬರಲಿ. ಆಸರೆ ಕೊಡಲು ಮಗುವನ್ನು ಮುಟ್ಟಬೇಕಾದರೆ ಮೊದಲು ಕೇಳಿಯೇ ಮುಟ್ಟುತ್ತೇವೆ. ಬೇಡ ಅಂದರೆ ಬೇಡ. ಪಾಲಕರು ಯಾವಾಗ ಬೇಕಾದರೂ ಬಂದು ಕೂತು ನೋಡಬಹುದು, ಬಾಗಿಲು ತೆರೆದೇ ಇರುತ್ತದೆ.

ಇದು ನಾವು ಯಾರಿಗೋ ಮಾಡುವ ಉಪಕಾರ ಅಲ್ಲ ಅನ್ನುವುದಕ್ಕೆ ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅದರ 30ನೇ ಕಲಂ ಪೂರಾ ಕ್ರೀಡೆಯ ಬಗ್ಗೆ. ಎಲ್ಲರೂ ಆಡುವಂತೆ ಕ್ರೀಡಾ ಕಾರ್ಯಕ್ರಮಗಳನ್ನೇ ಬದಲಿಸಿ ರೂಪಿಸಬೇಕು, ಮೈದಾನ, ಕಟ್ಟಡಗಳನ್ನೂ ತಕ್ಕಂತೆ ಮಾಡಬೇಕು ಅಂತ ಅದು ಸರ್ಕಾರಕ್ಕೆ ಹೇಳುತ್ತದೆ. ನಮ್ಮದು ಸಣ್ಣ ಕ್ಲಬ್ಬು. ಆದರೆ ಬಾಗಿಲ ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸಲು ಸರ್ಕಾರದ ದಾರಿ ಕಾಯಬೇಕಿಲ್ಲ. ಶೌಚಾಲಯದ ಬಾಗಿಲೂ ಗಾಲಿಕುರ್ಚಿ ಹೋಗುವಷ್ಟು ಅಗಲ ಇಲ್ಲ. ಕಾರ್ಯದರ್ಶಿಗಳು ಎದುರಿಗೇ ಕೂತಿದ್ದಾರೆ, ಮೊದಲು ಅದನ್ನೇ ಮಾಡಿಸಿಕೊಡಿ ಅಂತ ಎಲ್ಲರ ಮುಂದೆ ಕೇಳುತ್ತಿದ್ದೇನೆ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಊರಿನ ಒಂದು ಭಾಗ ಮುಳುಗಡೆಯಾಗಿ ನವನಗರಕ್ಕೆ ಬಂದಾಗ ಎಷ್ಟೋ ಓಣಿಗಳ ಜನ ಬೇರೆ ಬೇರೆ ಸೆಕ್ಟರ್ ಪಾಲಾದರು. ಹಿರಿಯರು ಇವತ್ತಿಗೂ ಆ ಮಾತು ಆಡುತ್ತಾರೆ. ವಾರಕ್ಕೆ ಮೂರು ಸಂಜೆ ಅಜ್ಜಿ, ಮೊಮ್ಮಗ, ಪಕ್ಕದ ಸೆಕ್ಟರಿನ ಹುಡುಗಿ ಒಂದೇ ಸುತ್ತಿನಲ್ಲಿ ಕೈ ಹಿಡಿದು ನಿಂತರೆ ಅದು ಮೈಗಷ್ಟೇ ಒಳ್ಳೆಯದಾಗುವುದಿಲ್ಲ ಅಂತ ನನಗೆ ಅನಿಸುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಅಜ್ಜ ಎದ್ದು ಕೇಳಿದರು: "ಯವ್ವಾ, ಕಾರ್ಡು, ಸರ್ಟಿಫಿಕೇಟು ತರಬೇಕೇನು?" ಬೇಡ ಅಜ್ಜಾರ. ಅಂಗವಿಕಲರಿಗೆ ಕೊಡುವ ಯು.ಡಿ.ಐ.ಡಿ. ಗುರುತಿನ ಕಾರ್ಡು ಸರ್ಕಾರದ ಸೌಲಭ್ಯಕ್ಕೆ ಬೇಕು, ಆಡುವುದಕ್ಕಲ್ಲ. ಡಾಕ್ಟರು ಯಾವುದನ್ನು ಮಾಡಿಸಬೇಡಿ ಅಂದಿದ್ದಾರೋ ಅದನ್ನು ಮಾತ್ರ ನಮಗೆ ಹೇಳಿ.

ಸುತ್ತಲಿನ ಹಳ್ಳಿಯ ಶಿಕ್ಷಕರೊಬ್ಬರು, "ನಮ್ಮೂರಾಗೂ ಇಂಥ ಮಕ್ಕಳು ಅದಾರ್ರಿ ಮೇಡಂ, ಆದ್ರ ಮನಿ ಬಿಟ್ಟು ಹೊರಗ ಬರಂಗಿಲ್ಲ" ಅಂದರು. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯಾವ ಮನೆಯಲ್ಲಿ ಯಾವ ಮಗು ಇದೆ ಅಂತ ಅವರಿಗೆ ಗೊತ್ತಿರುತ್ತದೆ. ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿಗೂ ಗೊತ್ತಿರುತ್ತದೆ. ಅವರನ್ನು ಜೊತೆಗೆ ಕರೆದುಕೊಂಡು ಮನೆಗೆ ಹೋಗಿ. ಮೊದಲ ಸಲ ತಾಯಿ ಬೇಡ ಅನ್ನುತ್ತಾಳೆ. ಎರಡನೇ ಸಲವೂ ಹೋಗಿ. ಹಳ್ಳಿಯಲ್ಲಿ ಸಭಾಂಗಣ ಇಲ್ಲದಿದ್ದರೆ ಗುಡಿಯ ಕಟ್ಟೆ ಇದೆ, ಶಾಲೆಯ ವರಾಂಡ ಇದೆ. ನೆಲದ ಮೇಲಿನ ಆಟಕ್ಕೆ ಅಷ್ಟು ಸಾಕು.

ಒಬ್ಬ ಹುಡುಗಿ ಹಿಂದಿನ ಸಾಲಿನಿಂದ ಕೈ ಎತ್ತಿದಳು. ಎಂಟೋ ಒಂಬತ್ತೋ ವರ್ಷ ಇರಬಹುದು. "ಟೀಚರ್, ಸಾಲಿ ಗ್ಯಾದರಿಂಗ್‌ನಾಗ ನಾವು ಇದನ್ನ ಮಾಡಬಹುದಾ?" ಶಾಲೆಯ ವಾರ್ಷಿಕೋತ್ಸವದ ಮಾತು. ಮಾಡಬಹುದು. ಆದರೆ ನಿಮ್ಮ ಕ್ಲಾಸಿನ ಎಲ್ಲರೂ ಅದರಲ್ಲಿ ಇರಬೇಕು. ಯಾರು ಬಿಟ್ಟುಹೋಗಿದ್ದಾರೆ ಅಂತ ನೀನೇ ನೋಡಿ ನಿಮ್ಮ ಮಾಸ್ತರರಿಗೆ ಹೇಳು.

ಶುಲ್ಕ ಎಷ್ಟು ಅಂತ ಇಬ್ಬರು ಕೇಳಿದರು. ಮೊದಲ ತಿಂಗಳು ಯಾರಿಗೂ ಇಲ್ಲ. ಆಮೇಲೆ ಕ್ಲಬ್ಬಿನವರು ಕೂತು ನಿರ್ಧರಿಸುತ್ತಾರೆ, ಕೊಡಲು ಆಗದವರು ಕೊಡಬೇಕಿಲ್ಲ ಅನ್ನುವುದು ಮಾತ್ರ ಈಗಲೇ ತೀರ್ಮಾನ ಆಗಿದೆ.

ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಐದೂವರೆಗೆ ಶುರು. ಊಟ ಮಾಡಿ ಎರಡು ತಾಸು ಆಗಿರಲಿ, ನೀರಿನ ಬಾಟಲಿ ಇರಲಿ, ಉಗುರು ಕತ್ತರಿಸಿರಲಿ. ಮ್ಯಾಟ್ ಹಾಸಲು, ತೆಗೆಯಲು, ಸುತಳಿ ಅಂಟಿಸಲು ದೊಡ್ಡವರು ನಾಲ್ಕೈದು ಜನ ಅರ್ಧ ತಾಸು ಮುಂಚೆ ಬಂದರೆ ಉಪಕಾರ. ನಿಮ್ಮ ಓಣಿಯಲ್ಲಿ ಹಲಗೆ ಚೆನ್ನಾಗಿ ಬಾರಿಸುವವರು ಇದ್ದರೆ, ತಾಳ ನಿಧಾನ ಮಾಡುವ ತಾಳ್ಮೆಯೂ ಅವರಿಗೆ ಇದ್ದರೆ, ಸೋಮವಾರವೇ ಜೊತೆಗೆ ಕರೆದುಕೊಂಡು ಬನ್ನಿ.